ಒಂದು ಮೆಡಲ್, ಮೂರು ರಣರಂಗ, ನಾನು ಹಿಡಿದ ತಪ್ಪು ದಾರಿ

ಲಂಡನ್ನಿನ ವೂಲಿಚ್‌ನಲ್ಲಿ ನಮ್ಮ ಮನೆ ಹತ್ತಿರ ಒಂದು ಹಳೇ ಸಾಮಾನಿನ ಸಂತೆ ನಡೆಯುತ್ತೆ. ಅಲ್ಲಿ ಸುಮ್ನೆ ನಾಣ್ಯದ ಡಬ್ಬಿ ಕೆದಕುತ್ತಿದ್ದಾಗ ಒಂದು ಮೆಡಲ್ ಸಿಕ್ಕಿತು. ಮೊದಲ ಮಹಾಯುದ್ಧದ ವಿಕ್ಟರಿ ಮೆಡಲ್. ಒಂದು ಕಡೆ ರೆಕ್ಕೆಯ ದೇವತೆ, ರಿಬ್ಬನ್ ಇಲ್ಲ. ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ಪುಟ್ಟ ಅಕ್ಷರಗಳಲ್ಲಿ 63ರಿಂದ ಶುರುವಾಗುವ ಆರಂಕಿಯ ನಂಬರು, ಪ್ರೈವೇಟ್ ಅಂತ ದರ್ಜೆ, ಹೆಸರು, ಕೊನೆಗೆ 20ನೇ ಲಂಡನ್ ರೆಜಿಮೆಂಟ್. ಹೆಸರು ಇಲ್ಲಿ ಬರೆಯಲ್ಲ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಇವನ್ಯಾರು, ಎಲ್ಲೆಲ್ಲಿ ಹೋಗಿದ್ದ ಅಂತ ತಿಳ್ಕೊಳ್ಳೋಣ ಅನ್ನಿಸಿತು. ಮೊದಲು ಹುಡುಕಿದ್ದು ಅವನ ಸರ್ವಿಸ್ ಫೈಲು. ಸಿಗಲಿಲ್ಲ. 1940ರ ಸೆಪ್ಟೆಂಬರ್‌ನಲ್ಲಿ ಜರ್ಮನ್ನರ ಬಾಂಬಿಗೆ ಲಂಡನ್ನಿನ ಸೇನಾ ದಾಖಲೆಗಳ ಉಗ್ರಾಣ ಸುಟ್ಟು, ಅರ್ಧಕ್ಕಿಂತ ಜಾಸ್ತಿ ಸಿಪಾಯಿಗಳ ಕಾಗದ ಬೂದಿಯಾಯಿತು. ಹಾಗಾಗಿ ಬಹಳ ಜನಕ್ಕೆ ಉಳಿದಿರೋದು ಒಂದೇ ದಾರಿ: ಅವನು ಯಾವ ಬೆಟಾಲಿಯನ್‌ನಲ್ಲಿದ್ದ ಅಂತ ಗೊತ್ತುಮಾಡಿಕೊಂಡು ಅದರ ಹಿಂದೆ ಹೋಗೋದು.

ನಾನು ಎಡವಿದ್ದೂ ಇಲ್ಲೇ. 20ನೇ ಲಂಡನ್ ಅಂದರೆ ಒಂದೇ ಪಡೆ ಅಂದ್ಕೊಂಡು 1915ರಲ್ಲಿ ಫ್ರಾನ್ಸಿಗೆ ಹೋದ ಪಡೆಯ ಬೆನ್ನು ಹತ್ತಿದೆ. ಲೂಸ್ ಕದನ, ಸೋಮ್ ಕದನ, ಎಲ್ಲಾ ಓದಿದೆ, ನಕ್ಷೆ ಬಿಡಿಸಿದೆ, ಎರಡು ತಿಂಗಳ ಶನಿವಾರ ಭಾನುವಾರಗಳೆಲ್ಲ ಅದಕ್ಕೇ ಹೋದವು. ಆಮೇಲೆ ಗೊತ್ತಾಗಿದ್ದು, ಅದೇ ಹೆಸರಲ್ಲಿ 1/20 ಅಂತ ಒಂದು, 2/20 ಅಂತ ಇನ್ನೊಂದು ಬೆಟಾಲಿಯನ್ ಇತ್ತು, ಮೆಡಲಿನ ಅಂಚಿನಲ್ಲಿ ಆ ಒಂದು-ಎರಡು ಬರೆಯೋದೇ ಇಲ್ಲ ಅಂತ. 1915ರ ಕೊನೆಯೊಳಗೆ ರಣರಂಗಕ್ಕೆ ಹೋದವರಿಗೆ ಒಂದು ಸ್ಟಾರ್ ಪದಕವೂ ಸಿಗುತ್ತಿತ್ತು. ಇವನ ಕಾರ್ಡಿನಲ್ಲಿ (ಸಿಪಾಯಿಗೆ ಯಾವ್ಯಾವ ಪದಕ ಅಂತ ಸೇನೆ ಬರೆದಿಟ್ಟ ಚೀಟಿ) ಅದರ ಸುದ್ದಿಯೇ ಇರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು, ಅಲ್ವಾ?

ಸರಿದಾರಿ ತೋರಿಸಿದ್ದು ಮೆಡಲ್ ರೋಲ್, ಅಂದರೆ ಯಾರಿಗೆ ಯಾವ ಪದಕ ಅಂತ ಬರೆದಿಟ್ಟ ದೊಡ್ಡ ಪಟ್ಟಿ. ಲಂಡನ್ ರೆಜಿಮೆಂಟಿನ ಪಟ್ಟಿಯಲ್ಲಿ ಬೆಟಾಲಿಯನ್ನೂ ಇದೆ, ರಣರಂಗದ ಸಂಕೇತ ಮತ್ತು ತಾರೀಖೂ ಇದೆ. ಇವನ ಸಾಲಿನಲ್ಲಿ 2/20 ಅಂತಿತ್ತು. ಮುಂದೆ 1ಎ, ಅಂದರೆ ಫ್ರಾನ್ಸ್-ಬೆಲ್ಜಿಯಂ. ಆಮೇಲೆ 2ಎ, ಮೆಸಿಡೋನಿಯಾ ಕಡೆ. ಅದಾದ ಮೇಲೆ ಈಜಿಪ್ಟಿನ ಸಂಕೇತ. ಕೊನೆಗೆ ಮತ್ತೆ 1ಎ! ಒಂದೇ ಗೆರೆಯಲ್ಲಿ ಅರ್ಧ ಭೂಮಿ ಸುತ್ತಿಬಂದಿದ್ದ ಹುಡುಗ.

ಬೆಟಾಲಿಯನ್ನಿನ ದಿನಚರಿ ಓದೋಕೆ ಕ್ಯೂಗೆ ಹೋದೆ (ಸಾಲಲ್ಲ, ರಾಷ್ಟ್ರೀಯ ದಾಖಲೆಗಳ ಕಚೇರಿ ಇರೋ ಊರಿನ ಹೆಸರು). ಒಳಗೆ ಪೆನ್ನು ಬಿಡಲ್ಲ, ಪೆನ್ಸಿಲ್ ಮಾತ್ರ. ಅಲ್ಲಿ ಕಲಿತ ಒಂದು ವಿಷಯ ನಿಮಗೂ ಉಪಯೋಗಕ್ಕೆ ಬರಬಹುದು. ದಿನಚರಿಗಳನ್ನು ಜೋಡಿಸಿರೋದು ರಣರಂಗದ ಪ್ರಕಾರ, ಅದರೊಳಗೆ ಡಿವಿಜನ್, ಅಂದರೆ ಹಲವು ಬೆಟಾಲಿಯನ್ ಸೇರಿದ ದೊಡ್ಡ ಪಡೆ, ಅದರ ಪ್ರಕಾರ. ಹಾಗಾಗಿ ಒಂದೇ ಬೆಟಾಲಿಯನ್ನಿನ ಕಾಗದ ನಾಲ್ಕು ಕಡೆ ಹಂಚಿಹೋಗಿತ್ತು. 60ನೇ ಡಿವಿಜನ್ ಹೆಸರಲ್ಲಿ ಮೂರು, ಕೊನೆಯದು 62ನೇ ಡಿವಿಜನ್ ಹೆಸರಲ್ಲಿ.

1916ರ ಜೂನ್‌ನಲ್ಲಿ ಫ್ರಾನ್ಸು, ವಿಮಿ ದಿಬ್ಬದ ಕಡೆ ಕಂದಕಗಳಲ್ಲಿ ಕೆಲವು ತಿಂಗಳು. ವರ್ಷದ ಕೊನೆಗೆ ಹಡಗು ಹತ್ತಿಸಿ ಗ್ರೀಸಿನ ಸಲೋನಿಕಾ. ಅಲ್ಲಿ ಗುಂಡಿಗಿಂತ ಸೊಳ್ಳೆಯ ಕಾಟವೇ ಜಾಸ್ತಿ. ಆ ರಣರಂಗದ ಬ್ರಿಟಿಷ್ ಸೇನೆಯಲ್ಲಿ ಮಲೇರಿಯಾ ಪ್ರಕರಣಗಳೇ 1 ಲಕ್ಷ 60 ಸಾವಿರ ದಾಟಿದ್ದವು. 1917ರ ಬೇಸಿಗೆಗೆ ಈಜಿಪ್ಟು, ಅಕ್ಟೋಬರ್ 31ಕ್ಕೆ ಪ್ಯಾಲೆಸ್ಟೈನಿನ ಬೀರ್‌ಶೇಬಾ, ಅಲ್ಲಿಂದ ಜೆರುಸಲೇಮ್ ಬೆಟ್ಟಗಳು. ಮರುಭೂಮಿಗೆ ಹೊಲಿಸಿದ ತೆಳು ಬಟ್ಟೆಯಲ್ಲೇ ಡಿಸೆಂಬರಿನ ಮಳೆಚಳಿಗೆ ಸಿಕ್ಕಿಕೊಂಡಿದ್ದರು. ಒಂಟೆಗಳು ಕೆಸರಲ್ಲಿ ಜಾರಿ ಬೀಳುತ್ತಿದ್ದವು.

ಡಿಸೆಂಬರ್ 9ರ ಬೆಳಿಗ್ಗೆಯ ಕಥೆ ನನಗೆ ತುಂಬಾ ಇಷ್ಟ. ಜೆರುಸಲೇಮಿನ ಮೇಯರ್ ಹುಸೇನ್ ಅಲ್-ಹುಸೇನಿ ಬಿಳಿ ಬಾವುಟ ಹಿಡಿದು, ಊರನ್ನು ಒಪ್ಪಿಸೋಕೆ ಬ್ರಿಟಿಷರನ್ನು ಹುಡುಕಿಕೊಂಡು ಹೊರಟಿದ್ದಾರೆ. ಎದುರಿಗೆ ಸಿಕ್ಕವರು ಇದೇ 2/20ರ ಇಬ್ಬರು ಅಡುಗೆಯವರು, ದಾರಿ ತಪ್ಪಿ ಬಂದವರು ಅಂತ ಹೇಳ್ತಾರೆ. ಅವರು ಊರನ್ನು ತಗೊಂಡು ಏನು ಮಾಡ್ತಾರೆ, ಪಾಪ! ಆಮೇಲೆ ಸಿಕ್ಕವರು 2/19ರ ಇಬ್ಬರು ಸಾರ್ಜೆಂಟರು, ಸೆಜ್‌ವಿಕ್ ಮತ್ತು ಹರ್ಕೂಂಬ್. ಅವರೂ ಒಪ್ಪಲಿಲ್ಲ. ಕೊನೆಗೆ ಆ ರಣರಂಗದ ಬ್ರಿಟಿಷ್ ಸೇನಾಪತಿ ಜನರಲ್ ಅಲೆನ್‌ಬಿ ಪರವಾಗಿ ಒಪ್ಪಿಸಿಕೊಂಡವರು 60ನೇ ಡಿವಿಜನ್ನಿನ ಜನರಲ್ ಶಿಯಾ. ಇದನ್ನು ಓದಿದ ದಿನ ಆ ಅಡುಗೆಯವರಲ್ಲಿ ನಮ್ಮವನೂ ಇರಬಾರದಾ ಅಂತ ಆಸೆಯಿಂದ ಹೆಸರು ನೋಡಿದೆ. ಇಲ್ಲ.

ಅವನು ಎಲ್ಲೂ ಇಲ್ಲ, ನಿಜ ಹೇಳಬೇಕಂದ್ರೆ. ದಿನಚರಿಯಲ್ಲಿ ಆಫೀಸರ್ ಗಾಯಗೊಂಡರೆ ಹೆಸರು ಬರುತ್ತೆ, ಸಿಪಾಯಿಗಳದ್ದು ಸಾಮಾನ್ಯವಾಗಿ 'ಅದರ್ ರ್‍ಯಾಂಕ್ಸ್ ಇಷ್ಟು' ಅಂತ ಲೆಕ್ಕ ಮಾತ್ರ. ಬೆಟಾಲಿಯನ್ ಬೆಟ್ಟ ಹತ್ತಿದ ದಿನ ಅವನು ಜ್ವರದಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದಿರಬಹುದು. ಅದಕ್ಕೇ ನನ್ನ ಟಿಪ್ಪಣಿಯಲ್ಲಿ 'ಅವನು ಹೋರಾಡಿದ' ಅಂತ ಬರೆದಿದ್ದನ್ನೆಲ್ಲ ಹೊಡೆದುಹಾಕಿ 'ಅವನ ಬೆಟಾಲಿಯನ್ ಅಲ್ಲಿತ್ತು' ಅಂತ ತಿದ್ದಿದೆ. ಓದೋಕೆ ಸಪ್ಪೆ. ಆದರೆ ಅಷ್ಟೇ ನನಗೆ ಗೊತ್ತಿರೋದು.

1918ರ ಬೇಸಿಗೆಯಲ್ಲಿ ಬೆಟಾಲಿಯನ್ನನ್ನು ಮತ್ತೆ ಫ್ರಾನ್ಸಿಗೆ ಕಳಿಸಿದರು. ಅದಾಗಿ ಸ್ವಲ್ಪ ದಿನಕ್ಕೆ, ಸೆಪ್ಟೆಂಬರ್ 23ರಂದು, ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯವರು ಜೋಧಪುರದವರ ಜೊತೆ ಸೇರಿ ಅದೇ ಪ್ಯಾಲೆಸ್ಟೈನಿನ ಹೈಫಾ ಗೆದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಕಾಲೇಜಿಗೆ ಹೋಗುವಾಗ ಬಸ್ಸಿನಿಂದ ದಿನಾ ನೋಡ್ತಿದ್ದೆ, ಒಂದು ದಿನವೂ ಇಳಿದು ಓದಿರಲಿಲ್ಲ. ಹೋದ ಸಲ ಊರಿಗೆ ಬಂದಾಗ ಅಮ್ಮನನ್ನೂ ಕರೆದುಕೊಂಡು ಹೋದೆ. ಅಮ್ಮ ಕಲ್ಲು ನೋಡಲಿಲ್ಲ, ನನ್ನ ಜೇಬಿನಲ್ಲಿದ್ದ ಮೆಡಲ್ ಇಸ್ಕೊಂಡು ತಿರುಗಿಸಿ ನೋಡಿ, "ಯಾರದೋ ಮನೆ ಮಗನದ್ದು, ನಿನ್ನ ಹತ್ತಿರ ಯಾಕೋ ಇರಬೇಕು?" ಅಂದರು.

ಹೆಸರು ಬರೆಯದೇ ಇರೋದು ಅದಕ್ಕೇ. ಅವರ ಮನೆಯವರು ಸಿಕ್ಕಿದರೆ ಮೊದಲು ಅವರನ್ನು ಕೇಳಬೇಕು. 1918ರಲ್ಲಿ ಊರಿಂದ ದೂರ ಇದ್ದ ಸಿಪಾಯಿಗಳಿಗಾಗಿ ಮಾಡಿದ ಮತದಾರರ ಪಟ್ಟಿಯಲ್ಲಿ ನಂಬರು, ಬೆಟಾಲಿಯನ್ ಜೊತೆ ಮನೆ ವಿಳಾಸವೂ ಸಿಕ್ಕಿತು. ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ಈಗ ಅಲ್ಲಿ ಫ್ಲ್ಯಾಟುಗಳಿವೆ. ಸದ್ಯ 1921ರ ಜನಗಣತಿಯಲ್ಲಿ ಅದೇ ಬೀದಿಯನ್ನು ಮನೆ ಮನೆ ನೋಡ್ತಾ ಇದ್ದೀನಿ.