ಮನೆಯಲ್ಲೇ ಡಾಗ್‌ಲೆಗ್ ಗೇಟ್: 5 ಮಿ.ಮೀ. ಸ್ಟೀಲು, ಎರಡೇ ಹಾಲ್ ಸೆನ್ಸರ್

ಕಾರ್ ರೇಸಿಂಗ್ ಗೇಮ್ ಆಡಲು ಮನೆಯಲ್ಲೇ ಒಂದು ಗೇರ್ ಶಿಫ್ಟರ್ ಕಟ್ಟಿದ್ದೇನೆ. ಲಿವರ್ ಯಾವ ಗೇರಿನಲ್ಲಿದೆ ಎಂದು ತಿಳಿಯಲು ಎರಡೇ ಹಾಲ್ ಸೆನ್ಸರ್, ಅಂದರೆ ಆಯಸ್ಕಾಂತದ ಬಲ ಅಳೆಯುವ ಸೆನ್ಸರ್. ಎರಡು ಸೆನ್ಸರ್‌ನಲ್ಲಿ ಆರು ಜಾಗ ಹಿಡಿಯೋಕಾಗಲ್ಲ, ಮೂರಕ್ಕೆ ಹಾಕಿದರೆ ಐದು ಬೀಳುತ್ತೆ, ಸುಮ್ಮನೆ ಆರು ಮೈಕ್ರೋಸ್ವಿಚ್ ಹಾಕು ಅಂದವರೇ ಎಲ್ಲ. ಶಿಫ್ಟರ್ ಕಟ್ಟುವ ಗೆಳೆಯರಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಈಗ ಅದೇ ಶಿಫ್ಟರ್ ಐದು ತಿಂಗಳಿಂದ ಓಡುತ್ತಿದೆ. ಅಸೆಟ್ಟೊ ಕೊರ್ಸಾ ಗೇಮಿನಲ್ಲಿ ಫೆರಾರಿ ಎಫ್40 ಮತ್ತು ಲ್ಯಾಂಬೊರ್ಗಿನಿ ಕೌಂಟಾಷ್ ಹಾಕಿ ಮುಜೆಲ್ಲೊ ಟ್ರ್ಯಾಕಿನಲ್ಲಿ ಹೆಚ್ಚುಕಡಿಮೆ 400 ಲ್ಯಾಪ್ ಆಗಿರಬಹುದು. ಎಲೆಕ್ಟ್ರಾನಿಕ್ಸ್ ತಪ್ಪಿನಿಂದ ಒಂದು ಗೇರೂ ತಪ್ಪಿ ಬಿದ್ದಿಲ್ಲ. ಆರ್ಡುಯಿನೊ, ಬೆಸುಗೆ, ಗೇಮಿನಲ್ಲಿ ಬಟನ್ ಬೈಂಡ್ ಮಾಡುವುದು ಎಲ್ಲರಿಗೂ ಗೊತ್ತಿರುವುದೇ, ಅದನ್ನು ಇಲ್ಲಿ ಬರೆಯುವುದಿಲ್ಲ. ದುಡ್ಡು ಎಲ್ಲಿ ಹಾಳಾಯಿತು, ಲಿವರ್ ಎಲ್ಲಿ ಸಿಕ್ಕಿಕೊಂಡಿತು, ಯಾಕೆ ಸಿಕ್ಕಿಕೊಂಡಿತು, ಅಷ್ಟನ್ನು ಬರೆಯುತ್ತೇನೆ.

ಮೊದಲು ಗೇಟಿನ ನಕ್ಷೆ, ಅಂದರೆ ಲಿವರ್ ಓಡಾಡುವ ಕಂಡಿಗಳಿರುವ ಪ್ಲೇಟಿನದು. ಹಳೇ ಇಟಾಲಿಯನ್ ಐದು ಗೇರಿನ ಡಾಗ್‌ಲೆಗ್‌ನಲ್ಲಿ ಎಡಸಾಲಿನ ಮೇಲೆ ರಿವರ್ಸ್, ಕೆಳಗೆ ಒಂದು. ನಡುಸಾಲಿನಲ್ಲಿ ಎರಡು ಮೂರು, ಬಲಸಾಲಿನಲ್ಲಿ ನಾಲ್ಕು ಐದು. ಓಡುವಾಗ ಹೆಚ್ಚು ಬೇಕಾಗುವ ಎರಡು-ಮೂರು ಒಂದೇ ಗೆರೆಯಲ್ಲಿ ಸಿಗಲಿ ಎಂದು ಮಾಡಿದ ಜೋಡಣೆ ಇದು. ಫೆರಾರಿ 365 ಜಿಟಿಬಿ/4, ಅಂದರೆ ಜನ ಡೇಟೋನಾ ಎಂದು ಕರೆಯುವ 1968ರ ಕಾರು, ಹೀಗೇ ಇದೆ. ಕೌಂಟಾಷ್ ಹೀಗೇ, ಎಫ್40 ಹೀಗೇ. ಆದರೆ ಕೈಗೆ ಸಿಗುವ ಅನುಭವ ಒಂದೇ ಅಲ್ಲ. ಡೇಟೋನಾದಲ್ಲಿ 4.4 ಲೀಟರಿನ ವಿ12 ಮುಂದೆ, ಗೇರ್‌ಬಾಕ್ಸ್ ಹಿಂದಿನ ಆಕ್ಸಲ್ ಹತ್ತಿರ. ಲಿವರಿನಿಂದ ಉದ್ದದ ರಾಡ್ ಹಿಂದಕ್ಕೆ ಓಡಬೇಕು. ಕೌಂಟಾಷ್‌ನಲ್ಲಿ ಲ್ಯಾಂಬೊರ್ಗಿನಿಯ ಎಂಜಿನಿಯರ್ ಸ್ಟಾಂಜಾನಿ ಎಂಜಿನ್ನನ್ನೇ ತಿರುಗಿಸಿ ಕೂರಿಸಿ ಗೇರ್‌ಬಾಕ್ಸನ್ನು ಎರಡು ಸೀಟುಗಳ ನಡುವೆ ತಂದಿಟ್ಟರು. ಲಿವರ್ ಹೆಚ್ಚುಕಡಿಮೆ ಬಾಕ್ಸಿನ ತಲೆಯ ಮೇಲೇ ನಿಂತಿದೆ. ಮೇಜಿಗೆ ಕಟ್ಟುವ ಶಿಫ್ಟರ್‌ಗೆ ನಡುವೆ ಯಾವ ರಾಡೂ ಇಲ್ಲ. ಹಾಗಾಗಿ ನಾನು ಗುರಿ ಇಟ್ಟುಕೊಂಡದ್ದು ಕೌಂಟಾಷ್‌ನ ನೇರ ಹಿಡಿತವನ್ನು. ಡೇಟೋನಾದ ಉದ್ದ ರಾಡಿನ ಮೆತ್ತನೆಯನ್ನು ನಕಲು ಮಾಡಲು ಹೋದವರು ರಬ್ಬರ್ ಬುಶ್ ಹಾಕಿ ಕೆಡಿಸಿಕೊಳ್ಳುತ್ತಾರೆ.

ಅಳತೆಗಳು: ಪಿವಟ್‌ನಿಂದ (ಲಿವರ್ ವಾಲುವ ಬುಡ) ಗೇಟ್ ಪ್ಲೇಟ್‌ಗೆ 100 ಮಿ.ಮೀ., ಪಿವಟ್‌ನಿಂದ ಕೈಯಲ್ಲಿ ಹಿಡಿಯುವ ಗುಬುಟಿಗೆ 220. ಪ್ಲೇಟಿನಲ್ಲಿ ಸಾಲಿನಿಂದ ಸಾಲಿಗೆ 18, ನ್ಯೂಟ್ರಲ್‌ನಿಂದ ಗೇರಿಗೆ 25. ಗುಬುಟಿಯಲ್ಲಿ ಅದು ಅಡ್ಡಕ್ಕೆ 40, ಉದ್ದಕ್ಕೆ 55 ಆಗುತ್ತದೆ. ಲಿವರ್ 12 ಮಿ.ಮೀ. ರಾಡ್, ಪ್ಲೇಟ್ ಹಾಯುವ ಕಡೆ ಮಾತ್ರ ಲೇತ್‌ನಲ್ಲಿ 10ಕ್ಕೆ ಇಳಿಸಿದ್ದು. ಪೂರ್ತಿ 12 ಇಟ್ಟರೆ ಕಂಡಿಗಳ ನಡುವಿನ ಬೆರಳು (ಪ್ಲೇಟಿನ ಪಟ್ಟಿ) ಬರೀ 5 ಮಿ.ಮೀ. ಉಳಿಯುತ್ತದೆ, ನೋಡಲೂ ಚೆನ್ನಾಗಿರುವುದಿಲ್ಲ. ಪಿವಟ್‌ಗೆ ರಾಡ್-ಎಂಡ್ ಬೇರಿಂಗ್ ಬೇಡ, ಲಿವರ್ ತನ್ನ ಸುತ್ತಲೇ ತಿರುಗುತ್ತದೆ. ನಾಲ್ಕು 608 ಬೇರಿಂಗಿನ ಗಿಂಬಲ್ ಮಾಡಿ, ಎರಡು ಅಕ್ಷ, ಒಂದರೊಳಗೊಂದು.

ಪ್ಲೇಟೇ ಎಲ್ಲಕ್ಕಿಂತ ಹೆಚ್ಚು ದುಡ್ಡು ತಿಂದದ್ದು. ಮೊದಲು ಅಂದಾಜಿಗೆ 3 ಮಿ.ಮೀ. ಅಕ್ರಿಲಿಕ್, 250 ರೂಪಾಯಿ. ಎರಡನೇ ದಿನ ಒಂದು ಬೆರಳು ಬುಡದಲ್ಲೇ ಮುರಿಯಿತು. ಆಮೇಲೆ 304 ಸ್ಟೇನ್‌ಲೆಸ್, 5 ಮಿ.ಮೀ., ಪೀಣ್ಯದಲ್ಲಿ ಲೇಸರ್ ಕಟಿಂಗ್, 900 ರೂಪಾಯಿಯ ಆಸುಪಾಸು. ಎಲ್ಲ ಕಂಡಿಯೂ 10.8 ಅಗಲ ಕೊಟ್ಟಿದ್ದೆ. ನಡುಸಾಲು ಬೆಣ್ಣೆಯಂತೆ ಓಡಿತು, ಎಡ ಬಲ ಎರಡೂ ಸಾಲಲ್ಲಿ ಲಿವರ್ ಕಚ್ಚಿ ನಿಂತಿತು. ಕತ್ತರಿಸಿದವರ ತಪ್ಪು ಎಂದುಕೊಂಡು ಕ್ಯಾಲಿಪರ್ ಹಿಡಿದರೆ ಅಳತೆ ಸರಿಯಾಗಿಯೇ ಇದೆ.

ಕಾರಣ ಓರೆ. ಪಕ್ಕದ ಸಾಲಿಗೆ ಹೋದಾಗ ಲಿವರ್ 10 ಡಿಗ್ರಿ ವಾಲಿರುತ್ತದೆ. ವಾಲಿದ 10 ಮಿ.ಮೀ. ರಾಡ್ 5 ಮಿ.ಮೀ. ದಪ್ಪದ ತಗಡನ್ನು ಹಾಯುವಾಗ ಮೇಲಂಚು ಕೆಳಂಚಿನ ನಡುವೆಯೇ 0.9 ಸರಿಯುತ್ತದೆ, ರಾಡಿನ ಅಡ್ಡಗಲವೂ ಚೂರು ಹಿಗ್ಗುತ್ತದೆ. ಒಟ್ಟು 11 ದಾಟುತ್ತದೆ. 10.8ರಲ್ಲಿ ಹೇಗೆ ಹೋದೀತು? ಎರಡನೇ ಪ್ಲೇಟ್‌ನಲ್ಲಿ ನಡುಕಂಡಿ 10.8 ಉಳಿಸಿ ಪಕ್ಕದವು 11.5 ಮಾಡಿದೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಕೈಗೆ ಮೂರೂ ಒಂದೇ. 3 ಮಿ.ಮೀ. ಪ್ಲೇಟ್ ಹಾಕಿದರೆ ಈ ತಾಪತ್ರಯ ಅರ್ಧಕ್ಕಿಳಿಯುತ್ತದೆ, ಆದರೆ ಆ ‘ಖಣ್’ ಸದ್ದು ತೆಳುವಾಗುತ್ತದೆ. ನನಗೆ ಸದ್ದು ಬೇಕಿತ್ತು.

ಎರಡನೇ ಪ್ಲೇಟೂ ವ್ಯರ್ಥವಾಯಿತು, ಮೂಲೆಗಳ ದೆಸೆಯಿಂದ. ಬೆರಳುಗಳ ತುದಿಯ ಎಲ್ಲ ಮೂಲೆಗೂ 2.5 ಮಿ.ಮೀ. ಗೋಲಾಯಿ ಕೊಟ್ಟಿದ್ದೆ. ಮೂರರಿಂದ ನಾಲ್ಕಕ್ಕೆ ಓರೆಯಾಗಿ ಎಳೆದರೆ ಜಾರಿಕೊಂಡು ಹೋಗುತ್ತಿತ್ತು, ಬಹಳ ಚೆಂದ. ಆದರೆ ಐದರಿಂದ ನಾಲ್ಕಕ್ಕೆ ನೂಕಿದಾಗ ಎರಡಕ್ಕೆ ಬೀಳತೊಡಗಿತು. ಮುಜೆಲ್ಲೊದ ನೇರದ ಕೊನೆ, ಸಾನ್ ಡೊನಾಟೊ ತಿರುವಿಗೆ ಬ್ರೇಕ್ ಒತ್ತಿ ಐದರಿಂದ ನಾಲ್ಕು ಹಾಕಲು ಹೋದರೆ ಎರಡು. ಗೇಮಿನಲ್ಲಿ ಹಿಂಚಕ್ರ ಲಾಕ್, ಎಂಜಿನ್ ಡ್ಯಾಮೇಜ್. ರಸ್ತೆಯ ಮೇಲೆ ನಿಜವಾದ ಕಾರಿನಲ್ಲಾದರೆ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ ಬಿಚ್ಚಬೇಕಾದ ತಪ್ಪು ಇದು.

ಇದಕ್ಕೆ ಎರಡು ಕಾರಣ ಸೇರಿಕೊಂಡಿದ್ದವು. ಒಂದು, ಎರಡನೇ ಗೇರಿನ ಬಾಯಿ ಬಲಗಡೆಯಿಂದ ಫನೆಲ್‌ನಂತೆ ತೆರೆದಿತ್ತು. ಇನ್ನೊಂದು, ಲಿವರನ್ನು ನಡುಸಾಲಿಗೆ ತರುವ ಸ್ಪ್ರಿಂಗ್ ಬಲಗಡೆ ವಿಪರೀತ ಗಟ್ಟಿ. ನ್ಯೂಟ್ರಲ್ ದಾಟುವ ಆ ಒಂದು ಕ್ಷಣದಲ್ಲೇ ಎಡಕ್ಕೆ ಎಳೆದುಬಿಡುತ್ತಿತ್ತು. ಮೂರನೇ ಪ್ಲೇಟ್‌ನಲ್ಲಿ ಎರಡು-ನಾಲ್ಕರ ನಡುವಿನ ಬೆರಳಿಗೆ ನಾಲ್ಕರ ಕಡೆ ಮಾತ್ರ 2.5 ಗೋಲಾಯಿ, ಎರಡರ ಕಡೆ ಅರ್ಧ ಮಿ.ಮೀ., ಕತ್ತರಿಸಿದ ಅಂಚಿನ ಮುಳ್ಳು ತೆಗೆದಷ್ಟು. ಒಂದರಿಂದ ಎರಡಕ್ಕೆ ಹೋಗುವ ದಾರಿಯಲ್ಲಿ ಮಾತ್ರ ಎಡಬೆರಳುಗಳಿಗೆ ಗೋಲಾಯಿ. ಸ್ಪ್ರಿಂಗ್ ಎರಡೂ ಬೇರೆ ಬೇರೆ: ಬಲಕ್ಕೆ ಹಗುರ, ಎಡಕ್ಕೆ ಸುಮಾರು ಮೂರು ಪಟ್ಟು ಬಿಗಿ. ಎಡ ಬಿಗಿಯಾಗಿದ್ದರೆ ರಿವರ್ಸ್ ಕಡೆ ಕೈ ತಪ್ಪಿ ಹೋಗುವುದಿಲ್ಲ. ಸಾಲದ್ದಕ್ಕೆ ರಿವರ್ಸ್ ಬಾಯಿಗೆ ಒಂದು ಸಣ್ಣ ಹಿತ್ತಾಳೆ ರೆಪ್ಪೆ ಇಟ್ಟಿದ್ದೇನೆ, ಕೈಬೆರಳಲ್ಲಿ ಎತ್ತಿದರೆ ಮಾತ್ರ ದಾರಿ. ಬಲಗಡೆಯ ಹಗುರ ಸ್ಪ್ರಿಂಗ್ ಕಲಾಸಿಪಾಳ್ಯದಲ್ಲಿ ಸಿಕ್ಕಿದ ಒಂದು ಹಳೇ ದ್ವಿಚಕ್ರ ವಾಹನದ ಭಾಗ. ಯಾವ ಗಾಡಿಯದು, ಯಾವ ಭಾಗ ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಹುಡುಕಿ, ಸಿಗುತ್ತದೆ.

ಈಗ ಎಲ್ಲರೂ ತಕರಾರು ತೆಗೆದ ಸೆನ್ಸರ್ ವಿಷಯ. ಎಸ್.ಪಿ. ರೋಡಿನಲ್ಲಿ 30 ರೂಪಾಯಿಗೆ ಸಿಕ್ಕ 49ಇ ಲೀನಿಯರ್ ಹಾಲ್ ಸೆನ್ಸರ್, ಅಕ್ಷಕ್ಕೊಂದು. ಅಕ್ಷದ ತುದಿಗೆ ಅಡ್ಡಡ್ಡ ಧ್ರುವದ 6 ಮಿ.ಮೀ. ಆಯಸ್ಕಾಂತ, ಸೆನ್ಸರ್ 3 ಮಿ.ಮೀ. ದೂರ. ಪ್ರೊ ಮೈಕ್ರೊ ಎಂಬ ಸಣ್ಣ ಆರ್ಡುಯಿನೊ ಬೋರ್ಡಿನಲ್ಲಿ ಓದಿದರೆ ನನಗೆ ಬಂದದ್ದು ಹೀಗೆ: ಉದ್ದದಲ್ಲಿ ನ್ಯೂಟ್ರಲ್ 510, ಮೇಲೆ 640, ಕೆಳಗೆ 380ರ ಹತ್ತಿರ. ಅಡ್ಡದಲ್ಲಿ 415, 510, 605.

ತೊಂದರೆ ಏನೆಂದರೆ ಲಿವರ್ ಮೇಲೆ ಕೆಳಗೆ ಹೋದಷ್ಟೂ ಅಡ್ಡದ ಓದು ತಾನೇ 30-40 ಅಂಕ ಜಾರುತ್ತದೆ. ಎರಡೂ ಆಯಸ್ಕಾಂತ ಹತ್ತಿರ ಇವೆ, ಗಿಂಬಲ್‌ನಲ್ಲಿ ಕೂದಲೆಳೆಯ ಸಡಿಲ ಇರುತ್ತದೆ, ಬ್ರೇಕ್ ಹಾಕುವಾಗ ಕೈಯ ಭಾರ ಬೇರೆ. ಸಾಲುಗಳ ನಡುವಿನ ಗಡಿ 48 ಅಂಕ ದೂರ ಅಷ್ಟೇ. ಮೂರಕ್ಕೆ ಐದು ಬೀಳುವುದು ಇಲ್ಲೇ, ಅವರು ಹೇಳಿದ್ದು ಸುಳ್ಳಲ್ಲ. ಆದರೆ ಮದ್ದು ಆರು ಸ್ವಿಚ್ ಅಲ್ಲ. ಲಿವರ್ ಕಂಡಿಯೊಳಗೆ ಹೊಕ್ಕ ಮೇಲೆ ಅದು ಸಾಲು ಬದಲಿಸಲು ಸಾಧ್ಯವೇ ಇಲ್ಲ, ಸ್ಟೀಲಿನ ಬೆರಳು ಬಿಡುವುದಿಲ್ಲ. ಹಾಗಿದ್ದ ಮೇಲೆ ಕೋಡ್ ಯಾಕೆ ಮತ್ತೆ ಮತ್ತೆ ಕೇಳಬೇಕು? ಉದ್ದದ ಚಲನೆ 40 ಶೇಕಡಾ ದಾಟಿದ ಕ್ಷಣದಲ್ಲಿ ಸಾಲು ಯಾವುದು ಎಂದು ಒಮ್ಮೆ ನೋಡಿ ಬೀಗ ಹಾಕಿ. ಲಿವರ್ ನ್ಯೂಟ್ರಲ್‌ಗೆ ಮರಳುವ ತನಕ ಅಡ್ಡದ ಸೆನ್ಸರ್ ಕಡೆ ತಿರುಗಿಯೂ ನೋಡಬೇಡಿ. 80 ಶೇಕಡಾಕ್ಕೆ ಗೇರ್ ಬಟನ್ ಒತ್ತಲಿ, 60ಕ್ಕೆ ಇಳಿದಾಗ ಬಿಡಲಿ. ಒತ್ತುವ ಜಾಗ ಬಿಡುವ ಜಾಗ ಒಂದೇ ಇಟ್ಟರೆ ಉಬ್ಬುತಗ್ಗಿನ ಮೇಲೆ ವೀಲ್ ನಡುಗಿದಾಗ ಗೇರ್ ಮಿಟುಕುತ್ತದೆ. ಇಷ್ಟೇ ಕೋಡ್, ಹದಿನೈದು ಸಾಲು. ಮೈಕ್ರೋಸ್ವಿಚ್ಚಿನವರು ಮೂರು ತಿಂಗಳಿಗೊಮ್ಮೆ ಪತ್ತಿ ಬಗ್ಗಿಸಿಕೊಂಡು ಕೂತಿರುತ್ತಾರೆ, ನನ್ನದರಲ್ಲಿ ಸವೆಯುವುದಕ್ಕೆ ಏನೂ ಇಲ್ಲ.

ಇನ್ನೊಂದು ಎಡವಟ್ಟು: ಸೆನ್ಸರ್‌ಗೆ ಬೇರೆ ಫೋನ್ ಚಾರ್ಜರ್‌ನಿಂದ 5 ವೋಲ್ಟ್ ಕೊಟ್ಟಿದ್ದೆ. ಓದು ದಿನಕ್ಕೊಂದು ತರ. 49ಇ ತನಗೆ ಸಿಕ್ಕ ವೋಲ್ಟೇಜಿನ ಅನುಪಾತದಲ್ಲಿ ಉತ್ತರ ಕೊಡುತ್ತದೆ, ಬೋರ್ಡ್ ತನ್ನ ಯುಎಸ್‌ಬಿ ವೋಲ್ಟೇಜನ್ನು ಅಳತೆಗೋಲಾಗಿ ಹಿಡಿಯುತ್ತದೆ. ಸೆನ್ಸರ್‌ಗೂ ಬೋರ್ಡಿನಿಂದಲೇ ವೋಲ್ಟೇಜ್ ಕೊಟ್ಟರೆ ಯುಎಸ್‌ಬಿ ಎಷ್ಟೇ ಇಳಿದರೂ ಲೆಕ್ಕ ಸರಿಹೋಗುತ್ತದೆ. ಡಿಟೆಂಟ್‌ನ (ಲಿವರನ್ನು ಗೇರಿನಲ್ಲಿ ಕಚ್ಚಿ ನಿಲ್ಲಿಸುವ ಭಾಗ) ಸ್ಟೀಲ್ ಗುಂಡು ಮತ್ತು ಸ್ಪ್ರಿಂಗನ್ನು ಸೆನ್ಸರ್‌ನಿಂದ 40 ಮಿ.ಮೀ. ಆಚೆ ಇಡಿ. ಹತ್ತಿರದ ತಿರುಪುಗಳೆಲ್ಲ ಹಿತ್ತಾಳೆಯವು ಇರಲಿ.

ಡಿಟೆಂಟ್: 8 ಮಿ.ಮೀ. ಬೇರಿಂಗ್ ಗುಂಡು, ಸ್ಪ್ರಿಂಗ್, ಮೂರು ಕಚ್ಚುಗಳ ಪಟ್ಟಿ. 3ಡಿ ಪ್ರಿಂಟ್ ಪಿಎಲ್‌ಎ ಪಟ್ಟಿ ಮೂರು ವಾರದಲ್ಲಿ ಸವೆದು ಕಾಲುವೆಯಾಯಿತು. ಡೆಲ್ರಿನ್ ಪ್ಲಾಸ್ಟಿಕ್ ಬಾಳಿಕೆ ಚೆನ್ನಾಗಿದೆ, ಆದರೆ ಕೈಗೆ ಒದ್ದೆ ಹಲಗೆಯಂತೆ ಸಿಗುತ್ತದೆ. ಇಎನ್8 ಸ್ಟೀಲ್ ಪಟ್ಟಿಗೆ 90 ಡಿಗ್ರಿ ಕೌಂಟರ್‌ಸಿಂಕ್ ಬಿಟ್‌ನಲ್ಲಿ ಕಚ್ಚು ಹಾಕಿದ್ದೇ ನಿಂತಿತು. ಗೇರಿನ ಕಚ್ಚು 1.5 ಮಿ.ಮೀ. ಆಳ, ನ್ಯೂಟ್ರಲ್‌ನದು ಅರ್ಧ ಮಿ.ಮೀ. ಮೀರಬಾರದು. ನ್ಯೂಟ್ರಲ್ ಆಳವಾದರೆ ಎರಡು-ಮೂರರ ನೇರ ಎಳೆತ ನಡುವೆ ತಡವರಿಸುತ್ತದೆ. ಆಗ ಡಾಗ್‌ಲೆಗ್ ಮಾಡಿದ ಉದ್ದೇಶವೇ ಹೋಯಿತು.

ಪಕ್ಕದಲ್ಲಿ ಮಾಡಿದ ಪ್ರಯೋಗಗಳು ಕೆಲವಿವೆ. ಕ್ಲಚ್ ಒತ್ತದಿದ್ದರೆ ಲಿವರ್ ಅಲ್ಲಾಡದಂತೆ 12 ವೋಲ್ಟ್ ಸೊಲೆನಾಯ್ಡ್ (ವಿದ್ಯುತ್ತಿನ ಅಗುಳಿ) ಹಾಕಿದೆ, 650 ರೂಪಾಯಿ. ಹತ್ತು ನಿಮಿಷಕ್ಕೆ ಮುಟ್ಟಲಾಗದಷ್ಟು ಬಿಸಿ, ಕಿತ್ತೆ. ಅದರ ಅಗತ್ಯವೂ ಇರಲಿಲ್ಲ. ಅಸೆಟ್ಟೊ ಕೊರ್ಸಾದಲ್ಲಿ ಕಾರಿನ ಡ್ರೈವ್‌ಟ್ರೇನ್ ಫೈಲೇ ಕ್ಲಚ್ಚಿಲ್ಲದೆ ಗೇರ್ ಕೂರಲು ಆರ್‌ಪಿಎಂ ಎಷ್ಟು ಹತ್ತಿರ ಬಂದಿರಬೇಕು ಎಂದು ನಿರ್ಧರಿಸುತ್ತದೆ. ಹತ್ತಿರ ಬರದಿದ್ದರೆ ಲಿವರ್ ಗೇರಿನಲ್ಲಿದ್ದರೂ ಕಾರು ನ್ಯೂಟ್ರಲ್‌ನಲ್ಲೇ ಉಳಿಯುತ್ತದೆ, ಹೊರಗೆಳೆದು ಮತ್ತೆ ಹಾಕಬೇಕು. ಆಟೋ ಕ್ಲಚ್, ಆಟೋ ಬ್ಲಿಪ್ (ಗೇರ್ ಇಳಿಸುವಾಗ ಗೇಮೇ ಆಕ್ಸಿಲರೇಟರ್ ಒತ್ತುವುದು) ಎರಡನ್ನೂ ಆಫ್ ಮಾಡಿ. ಇಲ್ಲದಿದ್ದರೆ ಇಷ್ಟೆಲ್ಲ ಕಟ್ಟಿದ್ದು ದಂಡ.

ಎರಡನೇ ಪ್ರಯೋಗ ನನಗೆ ಬಹಳ ಇಷ್ಟದ್ದು. ಆ ಕಾಲದ ಫೆರಾರಿ ಗೇರ್‌ಬಾಕ್ಸ್‌ಗಳಲ್ಲಿ ಎಣ್ಣೆ ಬಿಸಿಯಾಗುವವರೆಗೆ ಎರಡನೇ ಗೇರ್ ಹಟ ಮಾಡುತ್ತದೆ. ಓಡಿಸುವವರು ಒಂದರಿಂದ ನೇರ ಮೂರಕ್ಕೆ ಹೋಗುತ್ತಾರೆ. ಕೋಡ್‌ನಲ್ಲಿ ಮೊದಲ ಐದು ನಿಮಿಷ ಎರಡನೇ ಗೇರ್ ಮುಚ್ಚಿಟ್ಟೆ. ಒಂದರಿಂದ ಮೂರು ಡಾಗ್‌ಲೆಗ್‌ನಲ್ಲಿ ಮೇಲೆ, ಬಲ, ಮತ್ತೆ ಕೆಳಗೆ. ಮೊದಲ ವಾರ ಕೈ ತಪ್ಪಿತು, ಈಗ ಅದಿಲ್ಲದೆ ಲ್ಯಾಪ್ ಶುರುಮಾಡಲು ಮನಸ್ಸೇ ಬರುವುದಿಲ್ಲ.

ಗುಬುಟಿಗೆ 180 ಗ್ರಾಂ ಹಿತ್ತಾಳೆ ಹಾಕಿ ನೋಡಿದೆ. ಗೇರಿಗೆ ತಾನೇ ಬೀಳುವಂತೆ ಭಾರ ಚೆನ್ನ, ಆದರೆ ಸ್ಟೀರಿಂಗ್ ವೀಲಿನ ಫೋರ್ಸ್ ಫೀಡ್‌ಬ್ಯಾಕ್ (ಮೋಟರಿನ ಎಳೆತ) ಜೋರಾದಾಗ ಲೋಲಕದಂತೆ ತೂಗುತ್ತದೆ. 90 ಗ್ರಾಂ ಅಲ್ಯೂಮಿನಿಯಂ ಸಾಕು. ಆರು ಗೇರಿನ ಪ್ಲೇಟ್‌ಗೂ ಕೈ ಹಾಕಿದ್ದೆ. ನಾಲ್ಕು ಸಾಲು ಬೇಕು, ಕೊನೆಯ ಸಾಲಿಗೆ ವಾಲುವಿಕೆ 15 ಡಿಗ್ರಿ ಆಗುತ್ತದೆ, 5 ಮಿ.ಮೀ. ಪ್ಲೇಟ್‌ನಲ್ಲಿ ಕಂಡಿ ತೀರಾ ಅಗಲವಾಗಿ ಹಿಡಿತ ಸಡಿಲ. ಪಿವಟ್ಟನ್ನು ಪ್ಲೇಟಿನಿಂದ 100ರ ಬದಲು 140 ಮಿ.ಮೀ. ಕೆಳಗಿಟ್ಟರೆ ಆಗಬಹುದು, ಅದು ಇನ್ನೊಂದು ಗಿಂಬಲ್‌ನ ಕೆಲಸ.

ಸದ್ದಿನ ಬಗ್ಗೆ ಇಷ್ಟು ಹೇಳುತ್ತೇನೆ. ಪ್ಲೇಟನ್ನು ಮರಕ್ಕೆ ಅಂಟಿಸಿ ತಿರುಪು ಬಿಗಿದರೆ ‘ಟಕ್’ ಎನ್ನುತ್ತದೆ, ಅಷ್ಟೇ. ನಾಲ್ಕು ಮೂಲೆಗೆ 25 ಮಿ.ಮೀ. ಹಿತ್ತಾಳೆ ಕಾಲು ಕೊಟ್ಟು ಎತ್ತಿದರೆ ‘ಖಣ್’ ಬರುತ್ತದೆ. ರಬ್ಬರ್ ವಾಷರ್ ಒಂದನ್ನೂ ಹಾಕಬೇಡಿ. ಪ್ಲೇಟಿನ ಅಡಿಯಲ್ಲಿ ನಾನು ಇನ್ನೊಂದು ವಸ್ತು ಇಟ್ಟಿದ್ದೇನೆ. ಅದನ್ನು ಕೇಳಿದವರಿಗೆ ಯಾರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಮೇಲ್ಮೈಗೆ 220ರಿಂದ 1000ದವರೆಗೆ ಎಮರಿ, ಆಮೇಲೆ ಬಫಿಂಗ್. ಲಿವರ್ ಉಜ್ಜಿ ಗೀರಾಗುತ್ತದೆ, ಆಗಲಿ. ಹಳೇ ಕಾರುಗಳ ಗೇಟೂ ಗೀರಾಗಿಯೇ ಇರುತ್ತದೆ.

ಲೆಕ್ಕ ನೆನಪಿದ್ದಷ್ಟು: ಬೋರ್ಡು 450, ಸೆನ್ಸರ್ ಆಯಸ್ಕಾಂತ ಸೇರಿ 200, ಬೇರಿಂಗ್ 120, ಲೇತ್ ಕೆಲಸ ಎರಡು ಸಲ ಸೇರಿ 800, ಗಿಂಬಲ್‌ನ ಅಲ್ಯೂಮಿನಿಯಂ ಮತ್ತು ಮಿಲ್ಲಿಂಗ್ 1,600, ಕೊನೆಯ ಪ್ಲೇಟ್ 1,100, ಗುಬುಟಿ 600, ಉಳಿದ ಚಿಲ್ಲರೆ 400. ನಿಂತು ಕೆಲಸ ಮಾಡುತ್ತಿರುವುದರ ಬೆಲೆ 5,300 ಇರಬಹುದು. ಕಸಕ್ಕೆ ಹೋದದ್ದೂ ಸೇರಿದರೆ 9,000 ದಾಟುತ್ತದೆ. ಮೇಲಿನ ಅಳತೆಗಳನ್ನೇ ಹಿಡಿದು ಹೊರಟರೆ ನಿಮ್ಮ ಎರಡು ಪ್ಲೇಟ್ ಉಳಿಯುತ್ತವೆ. ಆದರೆ ಕತ್ತರಿಸಲು ಕೊಡುವ ಮುಂಚೆ ನಿಮ್ಮ ಪಿವಟ್ ಎತ್ತರವನ್ನು ಇನ್ನೊಮ್ಮೆ ಅಳೆಯಿರಿ. 100ರ ಬದಲು 90 ಬಂದಿದ್ದರೆ ಪಕ್ಕದ ಕಂಡಿ 11.5ರಲ್ಲಿ ಬಿಗಿಯಾಗುತ್ತದೆ, 11.7 ಕೊಡಿ.