ಸಂಧಿವಾತ: ಪ್ರಾರ್ಥನೆಯೂ ಬೇಕು, ಮೆಥೋಟ್ರೆಕ್ಸೇಟೂ ಬೇಕು

ರುಮಟಾಯ್ಡ್ ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ. ದಿನಾ ನುಂಗಿದರೆ ಬಾಯೆಲ್ಲ ಹುಣ್ಣಾಗಿ, ರಕ್ತಕಣ ಕುಸಿದು ಜೀವಕ್ಕೇ ಕುತ್ತು. ಹಾಗಾಗಿ ನಾನು ಅದನ್ನು ಭಾನುವಾರಕ್ಕೆ ಗೊತ್ತುಮಾಡಿಕೊಂಡಿದ್ದೇನೆ. ಬೆಳಿಗ್ಗೆ ಆರಾಧನೆ, ರಾತ್ರಿ ಊಟವಾಗಿ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಮಾತ್ರೆ. ವಾಕರಿಕೆ ಬಂದರೂ ಬಹುಪಾಲು ನಿದ್ದೆಯಲ್ಲೇ ಕಳೆಯುತ್ತದೆ. ಸೋಮವಾರ ಫೋಲಿಕ್ ಆಸಿಡ್ 5 ಮಿಲಿಗ್ರಾಂ. ಚೀಟಿಯಲ್ಲಿ 15 ಮಿಲಿಗ್ರಾಂ ಇದ್ದರೆ 2.5ರ ಮಾತ್ರೆ ಆರು. ಅಂಗಡಿಯವರು 10ರದ್ದು ಕೊಟ್ಟಾಗಲೂ ಅಭ್ಯಾಸಬಲದಿಂದ ಆರು ನುಂಗಿದರೆ 60 ಆಯಿತು! ಮಾತ್ರೆ ಪಟ್ಟಿಯ ಹಿಂದಿನ ಅಂಕಿ ಓದದೆ ಡಬ್ಬಿಗೆ ಹಾಕಬಾರದು.

ಗುಣ ಕಾಣಲು 6ರಿಂದ 12 ವಾರ ಬೇಕು. ಈ ಕಾಯುವಿಕೆ ಕಷ್ಟದ್ದೇ, ಆದರೆ ನೋವು ಇಳಿದ ಮೇಲಿನ ದಿನಗಳು ಇನ್ನೂ ಮೋಸದವು. ಕಾಯಿಲೆ ವಾಸಿಗೆಂದು ನಡೆಯುವ ಸ್ವಸ್ಥತಾ ಕೂಟದಲ್ಲಿ ಪ್ರಾರ್ಥಿಸಿ ಮಾತ್ರೆ ಬಿಟ್ಟವರಿಗೆ ಮರುದಿನವೇ ನೋವು ಮರಳುವುದಿಲ್ಲ; ಔಷಧದ ಪ್ರಭಾವ ಕೆಲವು ವಾರ ಉಳಿದಿರುತ್ತದೆ. ಆ ವಾರಗಳಲ್ಲೇ ಸಭೆಯಲ್ಲಿ ‘ದೇವರು ವಾಸಿಮಾಡಿದರು’ ಎಂದು ಸಾಕ್ಷಿ ಹೇಳಿಯೂ ಆಗಿರುತ್ತದೆ. ಮತ್ತೆ ಬೆರಳು ಊದಿಕೊಂಡಾಗ ಹೇಳಿಕೊಳ್ಳಲು ನಾಚಿಕೆ, ‘ನನ್ನ ನಂಬಿಕೆ ಸಾಲದೇ ಹೋಯಿತು’ ಎಂಬ ಕೊರಗು ಬೇರೆ. ಹೀಗೆ ಮುಚ್ಚಿಟ್ಟ ತಿಂಗಳುಗಳಲ್ಲಿ ಸವೆದ ಕೀಲು ಮೊದಲಿನಂತಾಗದು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಬಿಡುವುದು ಇನ್ನೂ ಅಪಾಯದ್ದು. 3 ವಾರ ಮೀರಿ ತೆಗೆದುಕೊಂಡಿದ್ದರೆ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ತಗ್ಗಿಸಿರಬಹುದು. ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಬಿದ್ದು ಆಸ್ಪತ್ರೆ ಸೇರಬೇಕಾದೀತು.

ಬೈಬಲಿನ ಯಾಕೋಬ 5:14ರಂತೆ ಸಭೆಯ ಹಿರಿಯರನ್ನು ಕರೆಸಿ, ಎಣ್ಣೆ ಹಚ್ಚಿಸಿಕೊಂಡು ಪ್ರಾರ್ಥನೆ ಮಾಡಿಸುತ್ತೇನೆ. ಯೆಶಾಯ 38ನ್ನೂ ಓದಿಸುತ್ತೇನೆ. ಕಾಯಿಲೆ ಬಿದ್ದ ರಾಜ ಹಿಜ್ಕೀಯನಿಗೆ ಇನ್ನೂ 15 ವರ್ಷ ಆಯುಷ್ಯವೆಂದು ದೇವರೇ ಮಾತು ಕೊಟ್ಟಿದ್ದರೂ ಹುಣ್ಣಿಗೆ ಅಂಜೂರದ ಪಟ್ಟು ಕಟ್ಟಲು ಹೇಳಿದ್ದು ಪ್ರವಾದಿ ಯೆಶಾಯನೇ. ಕೂಟಗಳಲ್ಲಿ ಆ ವಚನ ಯಾಕೋ ಕೇಳಿಬರುವುದು ಕಡಿಮೆ. ಸಾಕ್ಷಿ ಹೇಳುವವರು ಮಾತ್ರೆ ಬಿಡದೆ, ಇಎಸ್‌ಆರ್, ಸಿಆರ್‌ಪಿ ಎಂಬ ಉರಿಯೂತದ ರಕ್ತಪರೀಕ್ಷೆಗಳ ವರದಿ ನೋಡಿಕೊಂಡು ಹೇಳಲಿ. ದೇವರಿಗೆ ಅದರಿಂದ ಕೊರತೆಯೇನೂ ಆಗದು.

ಬೆಳಗಿನ ಬಿಗಿತ ಎಷ್ಟು ನಿಮಿಷ ಇತ್ತೆಂದು ಬರೆದಿಡುವುದು ಡಾಕ್ಟರಿಗೆ ತುಂಬ ಉಪಯೋಗ. ಆ ಹೊತ್ತು ನನಗೆ ಹಾಸಿಗೆಯ ಪ್ರಾರ್ಥನೆಗೆ. ಮೊಣಕಾಲೂರುವ ಹಟ ಬೇಡ. ಎದ್ದ ಮೇಲೆ ಬೆಚ್ಚನೆ ನೀರಲ್ಲಿ ಕೈ ಅದ್ದಿ ಬೆರಳು ಮಡಚಿ ಬಿಡಿಸುವುದು.

ಉಪವಾಸ ಪ್ರಾರ್ಥನೆಯ ದಿನವೂ ಗಂಜಿ ಕುಡಿದೇ ಸ್ಟೀರಾಯ್ಡ್ ಮಾತ್ರೆ ನುಂಗಬೇಕು. ಖಾಲಿ ಹೊಟ್ಟೆಗೆ ನೋವಿನ ಮಾತ್ರೆಯೂ ಬೇಡ. ಪ್ರಭುಭೋಜನದ ಗುಟುಕು ತೊಂದರೆ ಮಾಡದು. ಕ್ರಿಸ್‌ಮಸ್‌ಗೆ ಮನೆಯಲ್ಲಿ ಮಾಡಿದ ವೈನನ್ನು ಲೋಟಗಟ್ಟಲೆ ಕುಡಿದರೆ ಪೆಟ್ಟು ಲಿವರಿಗೆ. ರಕ್ತಕಣ, ಲಿವರ್, ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಶುರುವಿನಲ್ಲಿ 2ರಿಂದ 4 ವಾರಕ್ಕೊಮ್ಮೆ, ಆಮೇಲೆ 8ರಿಂದ 12 ವಾರಕ್ಕೊಮ್ಮೆ.

ಜ್ವರವೋ, ಒಣಕೆಮ್ಮಿನ ಜೊತೆ ಏದುಸಿರೋ ಬಂದರೆ ಆ ವಾರದ ಮಾತ್ರೆ ತಡೆದು ಡಾಕ್ಟರನ್ನು ಕೇಳಬೇಕು. ಮಗು ಬೇಕೆನ್ನುವವರು ತಿಂಗಳುಗಳ ಮೊದಲೇ ಹೇಳಬೇಕು. ಮೂತ್ರದ ಸೋಂಕಿಗೆಂದು ಬೇರೆ ಡಾಕ್ಟರ ಬಳಿ ಹೋದಾಗಲೂ ಮೆಥೋಟ್ರೆಕ್ಸೇಟ್ ಹೆಸರನ್ನು ಮೊದಲೇ ಹೇಳಿ. ಸೋಂಕಿಗೆ ಕೊಡುವ ಕೋಟ್ರೈಮಾಕ್ಸಜೋಲ್ ಎಂಬ ಮಾತ್ರೆ ಇದರ ಜೊತೆ ಕೂಡದು.