ನನ್ನ ಪಕ್ಕದ ಕುರ್ಚಿ

ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಯೊಂದರಲ್ಲಿ ಮಗನ ಮೊದಲ ಐಇಪಿ ಸಭೆಗೆ ನಾನು ಒಬ್ಬಳೇ ಹೋಗಿದ್ದೆ. ಮೇಜಿನ ಸುತ್ತ ಶಾಲೆಯ ಕಡೆಯವರು ಆರು ಜನ. ವಿಶೇಷ ಶಿಕ್ಷಣ ಪಡೆಯುವ ಮಗುವಿನ ಆ ವರ್ಷದ ಗುರಿಗಳನ್ನೂ ಸೇವೆಗಳನ್ನೂ ನಿಗದಿಪಡಿಸುವ ಲಿಖಿತ ಯೋಜನೆಯೇ ಐಇಪಿ. ಅದನ್ನು ರೂಪಿಸುವ ತಂಡದಲ್ಲಿ ತಂದೆತಾಯಿಯರೂ ಸದಸ್ಯರು. ಆದರೆ ಮೇಷ್ಟರಿಗೆ ಎದುರಾಡಬಾರದು ಎಂದು ಕಲಿತು ಬೆಳೆದವಳು ನಾನು. “ಎರಡು ಭಾಷೆಗಳಿಂದ ಅವನಿಗೆ ಗೊಂದಲವಾಗುತ್ತಿದೆ, ಮನೆಯಲ್ಲಿ ಕನ್ನಡ ನಿಲ್ಲಿಸಿ” ಎಂದರು. ತಲೆಯಾಡಿಸಿ ಅಲ್ಲೇ ಸಹಿ ಹಾಕಿದೆ. ಅಂದು ಸಂಜೆ ಊರಿನಿಂದ ಅಜ್ಜಿ ವಿಡಿಯೊ ಕರೆ ಮಾಡಿದಾಗ ನಾನು ಎತ್ತಲಿಲ್ಲ. ಅದು ಇಂದಿಗೂ ನೋಯುತ್ತದೆ.

ಮರುವರ್ಷ ಅಡ್ವೊಕೇಟ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋದೆ. ಅಡ್ವೊಕೇಟ್ ಎಂದರೆ ನಮ್ಮಲ್ಲಿಯಂತೆ ಕಪ್ಪು ಕೋಟಿನ ವಕೀಲರಲ್ಲ, ಇಂಥ ಸಭೆಗಳಲ್ಲಿ ಪೋಷಕರ ಬೆಂಬಲಕ್ಕೆ ಕೂರುವವರು. ಇವರು ನಿವೃತ್ತ ವಿಶೇಷ ಶಿಕ್ಷಕಿ. ಮಗುವಿನ ಬಗ್ಗೆ ತಿಳಿವಳಿಕೆ ಅಥವಾ ಪರಿಣತಿ ಇರುವವರನ್ನು ಪೋಷಕರು ಸಭೆಗೆ ಕರೆತರಲು ಅಮೆರಿಕದ ವಿಶೇಷ ಶಿಕ್ಷಣ ಕಾನೂನಾದ ಐಡಿಇಎ ಅವಕಾಶ ಕೊಡುತ್ತದೆ. ಆ ತಿಳಿವಳಿಕೆ ಅವರಿಗಿದೆಯೇ ಎಂದು ತೀರ್ಮಾನಿಸುವುದೂ ಕರೆದವರೇ. ಶುಲ್ಕ ನಮ್ಮದೇ. ಅದು ಕಷ್ಟವಾದವರಿಗೆ ಪ್ರತಿ ರಾಜ್ಯದಲ್ಲೂ ಕೇಂದ್ರ ಸರ್ಕಾರದ ಅನುದಾನದಿಂದ ನಡೆಯುವ ಪೋಷಕರ ತರಬೇತಿ ಮತ್ತು ಮಾಹಿತಿ ಕೇಂದ್ರಗಳಿವೆ.

ನಿಜವಾದ ಕೆಲಸ ನಡೆದದ್ದು ಸಭೆಗೆ ಮೊದಲು, ನಮ್ಮ ಅಡುಗೆಮನೆಯ ಮೇಜಿನ ಮೇಲೆ. ಮಗನ ದಾಖಲೆಗಳನ್ನು ಲಿಖಿತವಾಗಿ ಕೇಳಿದೆವು; ಕ್ಯಾಲಿಫೋರ್ನಿಯಾದಲ್ಲಿ ಶಾಲೆ ಅವನ್ನು 5 ಕೆಲಸದ ದಿನಗಳೊಳಗೆ ಕೊಡಬೇಕು. ಅಡ್ವೊಕೇಟ್ ಪುಟಪುಟವನ್ನೂ ಓದಿ, “ಎಲ್ಲ ಪರೀಕ್ಷೆಗಳೂ ಇಂಗ್ಲಿಷಿನಲ್ಲೇ ನಡೆದಿವೆ. ನಿಮ್ಮ ಭಾಷೆಯಲ್ಲಿ ಅವನು ಏನೇನು ಹೇಳುತ್ತಾನೆ?” ಎಂದು ಕೇಳಿದರು. ಒಂದು ವರ್ಷದಲ್ಲಿ ಶಾಲೆಯ ಯಾರೂ ಕೇಳದ ಪ್ರಶ್ನೆ ಅದು. ಬರೆಯುತ್ತಾ ಕುಳಿತೆ: ನೀರು ಬೇಕು, ಅಜ್ಜಿ ಬಂತು, ಚಪ್ಪಲಿ ಎಲ್ಲಿ, ಬೇಡ ಹೋಗು. ಎರಡು ಹಾಳೆ ತುಂಬಿದವು.

“ನೀವು ತಾಯಿಯಾಗಿ ಮಾತನಾಡಿ, ಕಾಗದಪತ್ರ ನಾನು ನೋಡಿಕೊಳ್ಳುತ್ತೇನೆ” ಎಂದಿದ್ದರು. ಅವರೂ ಬರುತ್ತಾರೆಂದು ಶಾಲೆಗೆ ಮೊದಲೇ ಇಮೇಲ್ ಮಾಡಿದ್ದೆ. ಸಭೆಯಲ್ಲಿ ಅವರು ದನಿ ಎತ್ತಲೇ ಇಲ್ಲ. ವಾಕ್ ಚಿಕಿತ್ಸೆಯನ್ನು ವಾರಕ್ಕೆ 60 ನಿಮಿಷದಿಂದ 30ಕ್ಕೆ ಇಳಿಸುವ ಪ್ರಸ್ತಾಪ ಬಂದಾಗ, ಅದಕ್ಕೆ ಕಾರಣವನ್ನೂ ಆಧಾರವನ್ನೂ ಬರವಣಿಗೆಯಲ್ಲಿ ಕೊಡಿ ಎಂದು ಮಾತ್ರ ಕೇಳಿದರು. ಹಾಗೆ ಕೊಡುವುದು ಶಾಲೆಯ ಕಾನೂನುಬದ್ಧ ಹೊಣೆ. ಆಧಾರವಾಗಿ ತೋರಿಸಲು ಶಾಲೆಯವರ ಬಳಿ ಅಂಕಿಗಳಿರಲಿಲ್ಲ. 60 ನಿಮಿಷ ಉಳಿಯಿತು. ಪ್ರತ್ಯೇಕ ಸಹಾಯಕರನ್ನು ಕೊಡಲು ಮಾತ್ರ ಒಪ್ಪಲಿಲ್ಲ. ಅಂದು ನಾನು ಸಹಿ ಹಾಕದೆ ಕಾಗದಗಳನ್ನು ಮನೆಗೆ ತಂದೆ.

ಕನ್ನಡದ ಎರಡು ಹಾಳೆಗಳನ್ನು ಮೇಜಿನ ಮೇಲೆ ಇಟ್ಟವಳು ನಾನೇ. ತೀರಾ ಅಸಾಧ್ಯವಲ್ಲದಿದ್ದರೆ ಮಗುವನ್ನು ಅದರ ಮನೆಮಾತಿನಲ್ಲೂ ಅಳೆಯಬೇಕು ಎಂಬ ನಿಯಮವನ್ನು ಅಡ್ವೊಕೇಟ್ ನೆನಪಿಸಿದರು. ಮರುಮೌಲ್ಯಮಾಪನಕ್ಕೆ ಶಾಲೆ ಕನ್ನಡ ಬಲ್ಲ ದುಭಾಷಿಯನ್ನು ಕರೆಸಿತು. ಇಂಗ್ಲಿಷಿನಲ್ಲಿ ಎರಡು ಪದ ಜೋಡಿಸಲಾರ ಎಂದು ಬರೆಸಿಕೊಂಡಿದ್ದ ಹುಡುಗ, ಊಟಕ್ಕೆ ಏನು ಬೇಕು ಎಂದು ಕೇಳಿದ್ದಕ್ಕೆ “ಅಜ್ಜಿ ಮಾಡಿದ ಸಾರು” ಎಂದಿದ್ದಾನೆ. ವರದಿಯ ನಾಲ್ಕನೆಯ ಪುಟದಲ್ಲಿ ಅದು ಹಾಗೆಯೇ ದಾಖಲಾಗಿದೆ.